ರಕ್ತ ಹೋದದ್ದೆಲ್ಲ ಮೂಲವ್ಯಾಧಿಯಲ್ಲ

ಮಲದಲ್ಲಿ ರಕ್ತ ಕಂಡರೆ ನಮ್ಮ ಕಾಸರಗೋಡು ಕಡೆ ಮೊದಲು ಬರುವ ಮಾತು "ಉಷ್ಣ ಆಗಿರಬೇಕು", ಆಮೇಲಿನದ್ದು "ಮೂಲವ್ಯಾಧಿ". ಪುನರ್ಪುಳಿ ಶರಬತ್ತು, ಕೂವೆ ಹುಡಿಯ ಗಂಜಿ ಶುರುವಾಗುತ್ತದೆ. ಮಳೆಗಾಲದ ಭೇದಿ ಸಾಮಾನ್ಯವಾಗಿ ವಾರದೊಳಗೆ ನಿಲ್ಲುತ್ತದೆ. ನಾಲ್ಕು ವಾರ ದಾಟಿದರೆ, ಅಥವಾ ನಿಂತು ಮತ್ತೆ ಮತ್ತೆ ಬಂದರೆ, ಕರುಳಿನ ಉರಿಯೂತದ ಕಾಯಿಲೆ ಇದೆಯೇ ಎಂದು ನೋಡಿಸಲೇಬೇಕು: ದೊಡ್ಡಕರುಳಿನ ಒಳಪದರದಲ್ಲಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್ ಅಥವಾ ಕರುಳಿನ ಯಾವ ಭಾಗದಲ್ಲೂ ಬರಬಹುದಾದ ಕ್ರೋನ್ಸ್. ಹೆಚ್ಚಾಗಿ 15ರಿಂದ 35ರ ಪ್ರಾಯದಲ್ಲಿ ತಲೆದೋರುವಂಥದ್ದು ಇದು.

ರಕ್ತ ಬರುವ ರೀತಿಯನ್ನು ಗಮನಿಸಿ. ಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ಗಟ್ಟಿ ಮಲದ ಮೇಲೆ ಗೆರೆಯಂತೆ, ಇಲ್ಲವೇ ಕೊನೆಗೆ ತೊಟ್ಟಿಕ್ಕುತ್ತದೆ. ಕೊಲೈಟಿಸ್‌ನಲ್ಲಿ ರಕ್ತ, ಲೋಳೆ, ತೆಳು ಮಲ ಒಂದಾಗಿ ಬರುತ್ತವೆ. ಅವಸರ ತಡೆಯಲಾಗುವುದಿಲ್ಲ, ಹೋಗಿ ಬಂದರೂ ಇನ್ನೂ ಉಳಿದಿದೆ ಎನಿಸುತ್ತದೆ. ವೈದ್ಯರಾದ ನಾವು ತಪ್ಪದೆ ಕೇಳುವ ಪ್ರಶ್ನೆ: ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೇ? ಬರೀ ಗ್ಯಾಸ್, ಟೆನ್ಶನ್‌ನಿಂದ ಆಗುವ ಹೊಟ್ಟೆಯ ತೊಂದರೆ ಹಾಗೆ ಎಬ್ಬಿಸುವುದು ಅಪರೂಪ.

ಕ್ರೋನ್ಸ್‌ನಲ್ಲಿ ರಕ್ತ ಕಾಣದೆಯೂ ಇರಬಹುದು. ಬಲಗಡೆ ಕೆಳಹೊಟ್ಟೆ ನೋವು, ತೂಕ ಇಳಿಯುವುದು, ಸಣ್ಣ ಜ್ವರ, ಗುದದ ಪಕ್ಕ ಕೀವು ಸೋರುವ ತೂತು. ಮಕ್ಕಳಲ್ಲಿ ಎತ್ತರ ಬೆಳೆಯುವುದು ನಿಂತದ್ದೇ ಮೊದಲ ಸುಳಿವಾಗಬಹುದು. ಬಾಯಿಹುಣ್ಣು, ಗಂಟುನೋವು, ಕಣ್ಣು ಕೆಂಪಾಗುವುದು ಎರಡರಲ್ಲೂ ಉಂಟು.

ಗಂಟುನೋವಿಗೆಂದು ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಿದರೆ ಕರುಳು ಇನ್ನಷ್ಟು ಕೆರಳಬಹುದು. ಕರುಳಿನ ಉರಿಯೂತವನ್ನು ತೋರಿಸುವ, ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಯ ಅಂಕಿಯನ್ನೂ ಅವು ಏರಿಸುತ್ತವೆ. ಗ್ರಾಂಗೆ 50 ಮೈಕ್ರೋಗ್ರಾಂಗಿಂತ ಕಡಿಮೆ ಬಂದರೆ ಉರಿಯೂತದ ಸಾಧ್ಯತೆ ಕಡಿಮೆ. 250 ದಾಟಿದರೆ ಕೊಲೊನೋಸ್ಕೋಪಿ (ಗುದದ ಮೂಲಕ ಕ್ಯಾಮೆರಾ ಕೊಳವೆ ಹಾಕಿ ಕರುಳು ನೋಡುವುದು) ಮುಂದೂಡಬೇಡಿ. ಮಾದರಿಗೆ ಮೂತ್ರವಾಗಲಿ ನೀರಾಗಲಿ ತಾಗಬಾರದು. ಸೋಂಕಿನಿಂದಲೂ ಅಂಕಿ ಏರುವುದರಿಂದ ಮಲದ ಸೋಂಕು ಪರೀಕ್ಷೆ ಜೊತೆಗೇ ಆಗಲಿ.

ದಿನಕ್ಕೆ ಆರು ಅಥವಾ ಹೆಚ್ಚು ಸಲ ರಕ್ತಭೇದಿ, ಜೊತೆಗೆ 100 ಡಿಗ್ರಿ ಮೀರಿದ ಜ್ವರ ಅಥವಾ ನಿಮಿಷಕ್ಕೆ 90 ದಾಟಿದ ನಾಡಿ ಇದ್ದರೆ ಅದೇ ದಿನ ಆಸ್ಪತ್ರೆಗೆ ಸೇರಿಸಿ. ಆಗ ಭೇದಿ ನಿಲ್ಲಿಸುವ ಲೋಪೆರಮೈಡ್ ಕೊಡಲೇಬೇಡಿ. ದೊಡ್ಡಕರುಳು ಉಬ್ಬಿ ಒಡೆಯುವ ಅಪಾಯವಿದೆ.

ನಮ್ಮ ದೇಶದಲ್ಲಿ ಇನ್ನೊಂದು ತೊಡಕು ಕರುಳಿನ ಕ್ಷಯ. ಕ್ರೋನ್ಸ್‌ನಂತೆಯೇ ಸಣ್ಣಕರುಳಿನ ತುದಿಯಲ್ಲಿ ಹುಣ್ಣು ಮಾಡುತ್ತದೆ, ತೂಕವನ್ನೂ ಇಳಿಸುತ್ತದೆ. ಕ್ಷಯವನ್ನು ಕ್ರೋನ್ಸ್ ಎಂದುಕೊಂಡು ಸ್ಟೀರಾಯ್ಡ್ ಕೊಟ್ಟರೆ ಕ್ಷಯ ಹರಡಬಹುದು. ಆದ್ದರಿಂದ ಮಂಗಳೂರಿಗೆ ಕೊಲೊನೋಸ್ಕೋಪಿಗೆ ಹೋದಾಗ ಆ ತುದಿಯವರೆಗೂ ನೋಡಿದರೇ, ಕರುಳಿನಿಂದ ತೆಗೆದ ಬಯಾಪ್ಸಿ ತುಣುಕು ಕ್ಷಯದ ಪರೀಕ್ಷೆಗೂ ಹೋಯಿತೇ ಎಂದು ಕೇಳಿ ತಿಳಿದುಕೊಳ್ಳಿ.