ದೋಣಿ ಇದ್ದೂ ಯಾಕೆ ನಡೆದಿರಿ?

"ದೋಣಿಗೆ ಅಷ್ಟು ದುಡ್ಡು ಸುರಿದು, ಕೊನೆಗೆ ನಡ್ಕೊಂಡು ಹೋದ್ರಾ?"

ಆ ಫೋಟೋ ನೋಡಿದ ಪ್ರತಿಯೊಬ್ಬರದೂ ಇದೇ ಪ್ರಶ್ನೆ. ಫೋಟೋದಲ್ಲಿ ಹಸಿರು ಗುಡ್ಡ, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡ ಮೂವರು, ಕೆಳಗೆ ದೂರದಲ್ಲಿ ಬೆಂಕಿಕಡ್ಡಿಯಷ್ಟು ದೊಡ್ಡ ದೋಣಿ. ತೆಗೆದದ್ದು ನಾನು. ಕೇಳುವವರು ಕೇಳಿ ಸುಮ್ನಿರುವುದಿಲ್ಲ. "ಇಂಜಿನ್ ಕೈ ಕೊಡ್ತಾ?" ಅಂತ ಒಂದು ನಗು ಬೇರೆ. ಇಲ್ಲ ಸ್ವಾಮಿ, ಇಂಜಿನ್ ಚೆನ್ನಾಗಿತ್ತು. ನಾವೇ ಬೇಕಂತ ನಡೆದೆವು. ಬಾಯಲ್ಲಿ ಹೇಳಿ ಸಾಕಾಗಿದೆ, ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ದೋಣಿಯ ವಿಷಯ. ಇಂಗ್ಲೆಂಡಿನ ಕಾಲುವೆಗಳಲ್ಲಿ ಓಡಾಡುವ ನ್ಯಾರೋಬೋಟ್ ಅದು. ಅಗಲ 7 ಅಡಿಗೂ ಒಂಚೂರು ಕಡಿಮೆ, ಏಕೆಂದರೆ ಅದು ನುಗ್ಗಬೇಕಾದ, ಬಾಗಿಲು ಮುಚ್ಚಿ ನೀರು ಏರಿಸಿ ಇಳಿಸಿ ದೋಣಿ ದಾಟಿಸುವ ಹಳೇ ಲಾಕ್‌ಗಳ ಅಗಲವೇ ಅಷ್ಟು. ಉದ್ದ ಮಾತ್ರ ಸುಮಾರು 60 ಅಡಿ. ಅಂದರೆ ರೈಲುಬೋಗಿಯ ಓಣಿಯಲ್ಲಿ ಐದು ಜನ ಒಂದು ವಾರ ಸಂಸಾರ ಮಾಡಿದ ಹಾಗೆ. ಒಬ್ಬರು ಟೀ ಕಾಸುತ್ತಿದ್ದಾಗ ಇನ್ನೊಬ್ಬರಿಗೆ ಬಚ್ಚಲಿಗೆ ಹೋಗಬೇಕಾದರೆ, ಮೂರನೆಯವರು ಕಾಲು ಮಡಚಿಕೊಳ್ಳಬೇಕು. ಮೂರನೇ ದಿನದ ಹೊತ್ತಿಗೆ ಯಾರ ಚಮಚದ ಸದ್ದು ಯಾರಿಗೆ ಆಗೋದಿಲ್ಲ ಅಂತ ಎಲ್ಲರಿಗೂ ಗೊತ್ತಾಗಿತ್ತು.

ಇನ್ನು ವೇಗ. ಮಿತಿ ಗಂಟೆಗೆ 4 ಮೈಲಿ, ಅಂದರೆ ಆರೂವರೆ ಕಿಲೋಮೀಟರ್. ದಡಕ್ಕೆ ಕಟ್ಟಿದ ದೋಣಿಗಳ ಪಕ್ಕ ಹೋಗುವಾಗ ಅದಕ್ಕಿಂತ ನಿಧಾನ, ಇಲ್ಲದಿದ್ದರೆ ಒಳಗಿರುವವರ ಕಪ್ಪು ಬಸಿ ಅಲ್ಲಾಡಿ ಬೈಗುಳ ಬರುತ್ತದೆ. ನಾಯಿ ಕರ್ಕೊಂಡು ವಾಕಿಂಗ್ ಹೊರಟಿದ್ದ ಅಜ್ಜನೊಬ್ಬ ನಮ್ಮನ್ನು ಹಿಂದೆ ಹಾಕಿ ಹೋದ. ಟೋಪಿ ಎತ್ತಿ ನಮಸ್ಕಾರ ಬೇರೆ ಮಾಡಿದ. ಅವನು ನಡೆಯುತ್ತಿದ್ದ ದಂಡೆಯ ದಾರಿ ಇದೆಯಲ್ಲ, ಟೋಪಾತ್, ಅದನ್ನು ಮಾಡಿದ್ದೇ ನಡೆಯುವುದಕ್ಕೆ. ಇಂಜಿನ್ ಬರುವ ಮೊದಲು ಕುದುರೆ ಹಗ್ಗ ಕಟ್ಟಿ ದೋಣಿ ಎಳೆಯುತ್ತಿತ್ತು, ಅದರ ಜೊತೆ ಒಬ್ಬ ಆಳು ದಿನವಿಡೀ ನಡೆಯುತ್ತಿದ್ದ. ಅವನನ್ನು ಯಾರೂ "ದೋಣಿ ಇದ್ದೂ ಯಾಕೆ ನಡೀತೀಯ" ಅಂತ ಕೇಳಿರಲಿಕ್ಕಿಲ್ಲ.

ನಾವಿದ್ದದ್ದು ಆಕ್ಸ್‌ಫರ್ಡ್ ಕಾಲುವೆಯಲ್ಲಿ. ಜೇಮ್ಸ್ ಬ್ರಿಂಡ್ಲಿ ಅನ್ನುವ ಕಾಲುವೆ ಇಂಜಿನಿಯರ್ ಶುರು ಮಾಡಿದ ಕೆಲಸ ಅದು. 1772ರಲ್ಲಿ ಅವನು ತೀರಿಕೊಂಡ, ಕಾಲುವೆ ಆಕ್ಸ್‌ಫರ್ಡ್ ಮುಟ್ಟುವಾಗ 1790 ಆಗಿತ್ತು. ಗುಡ್ಡ ಸಿಕ್ಕರೆ ಕೊರೆಯಬೇಡ, ತಗ್ಗು ಸಿಕ್ಕರೆ ತುಂಬಬೇಡ, ಒಂದೇ ಎತ್ತರ ಹಿಡಿದು ಸುತ್ತಿಕೊಂಡು ಹೋಗು ಅನ್ನುವುದು ಅವನ ಲೆಕ್ಕ. ಅಗ್ಗದ ಲೆಕ್ಕವೇ, ಆದರೆ ಸುತ್ತು ಜಾಸ್ತಿ. ಕಾಲುವೆಯ ನೆತ್ತಿ, ಅಂದರೆ ಎಲ್ಲಕ್ಕಿಂತ ಎತ್ತರದ ಭಾಗ, 11 ಮೈಲಿ ಉದ್ದ. ಈ ತುದಿಯಿಂದ ಆ ತುದಿಗೆ ನೇರ ಗೆರೆ ಎಳೆದರೆ ಹೆಚ್ಚುಕಡಿಮೆ ಅದರ ಅರ್ಧ. ವಾರಿಕ್‌ಶೈರಿನ ವರ್ಮ್‌ಲೇಟನ್ ಅನ್ನುವ ಹಳ್ಳಿಯ ಗುಡ್ಡವನ್ನಂತೂ ಮೂರು ಕಡೆಯಿಂದ ತಬ್ಬಿಕೊಂಡು ಹೋಗುತ್ತದೆ.

ನಮ್ಮಲ್ಲಿ ನಕ್ಷೆ ನೋಡಿದವಳು ಹೇಳಿದಳು: "ದೋಣಿ ಸುತ್ತಲಿ, ನಾವು ಗುಡ್ಡ ಹತ್ತಿ ಇಳಿಯೋಣ. ಆಚೆ ಕಡೆ ಸೇತುವೆ ಹತ್ರ ಸಿಗೋಣ." ದೋಣಿ ನಡೆಸಲು ಒಬ್ಬ ಬೇಕಲ್ಲ. ಮೂರು ದಿನದಿಂದ ನಡೆಸುತ್ತಿದ್ದವನೇ ಉಳಿದ. ಯಾರೂ ಅವನನ್ನು ಕೇಳಲಿಲ್ಲ, ಹೌದು.

ಅಲ್ಲಿ ಫುಟ್‌ಪಾತ್ ಅಂದರೆ ರಸ್ತೆ ಬದಿಯ ಕಲ್ಲುಚಪ್ಪಡಿ ಅಲ್ಲ. ಯಾರದೋ ಹೊಲದ ನಡುವೆ ಹಾದುಹೋಗುವ, ಎಲ್ಲರಿಗೂ ನಡೆಯುವ ಹಕ್ಕಿರುವ ಕಾಲುದಾರಿ. ಬೇಲಿ ಗೂಟದ ಮೇಲೆ ಹಳದಿ ಬಾಣದ ಗುರುತು. ಎರಡನೇ ಹೊಲದಲ್ಲೇ ದನಗಳು ಮುಖ ಎತ್ತಿ ನಿಂತಿದ್ದವು. ಅದರಲ್ಲಿ ಒಂದು ಗೂಳಿ. 1981ರ ಕಾಯ್ದೆ ಪ್ರಕಾರ 10 ತಿಂಗಳು ದಾಟಿದ ಹಾಲಿನ ತಳಿಯ ಗೂಳಿಯನ್ನು ಇಂಥ ಹೊಲದಲ್ಲಿ ಬಿಡುವಂತಿಲ್ಲ, ಬೇರೆ ತಳಿಯದಾದರೆ ಹಸುಗಳ ಜೊತೆ ಬಿಡಬಹುದು. ತಳಿ ಯಾವುದು ಅಂತ ವಿಚಾರಿಸುವಷ್ಟು ಸಲಿಗೆ ನಮಗಿರಲಿಲ್ಲ. ಬೇಲಿ ಅಂಚಲ್ಲೇ ಸರಿದು ದಾಟಿದೆವು. ಕೆಸರು ಮೆತ್ತಿದ್ದು ಅಲ್ಲಿಯೇ.

ಮೇಲಿನ ಹುಲ್ಲುಗಾವಲು ಅಲೆ ಅಲೆಯಾಗಿತ್ತು. ಹಳೇ ಕಾಲದ ಉಳುಮೆಯ ಏರು ತಗ್ಗು. ಸುಮಾರು 500 ವರ್ಷದ ಹಿಂದೆ ಕುರಿ ಮೇಯಿಸುವುದು ಲಾಭ ಅಂತ ಇಲ್ಲಿನ ಒಕ್ಕಲನ್ನು ಎಬ್ಬಿಸಿದರು. ಉಳುವವರು ಹೋದರು, ನೇಗಿಲ ಗುರುತು ಹುಲ್ಲಿನಡಿ ಉಳಿಯಿತು. ಆಮೇಲೆ ಆ ಭೂಮಿ ಕೊಂಡವರು ಸ್ಪೆನ್ಸರ್ ಮನೆತನದವರು, ರಾಜಕುಮಾರಿ ಡಯಾನಾಳ ಪೂರ್ವಜರು. ಊರಲ್ಲಿ 1613ರ ಅವರ ಹೆಬ್ಬಾಗಿಲು ಈಗಲೂ ನಿಂತಿದೆ.

ಈಗ ಆ ಫೋಟೋಗೆ ಬರುತ್ತೇನೆ. ಎಲ್ಲರೂ ಕೆಸರು ನೋಡುತ್ತಾರೆ, ನಮ್ಮನ್ನು ನೋಡುತ್ತಾರೆ. ಕೆಳಗಿನ ದೋಣಿಯ ಹಿಂತುದಿಯಲ್ಲಿ ಒಬ್ಬ ಕೈ ಎತ್ತಿ ನಿಂತಿದ್ದಾನೆ. ಅವನು ಯಾಕೆ ಕೈ ಎತ್ತಿದ್ದಾನೆ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಮೇಲಿನಿಂದ ನೋಡಿದಾಗ ದೋಣಿಯ ಮೂತಿ ನಾವು ಬಂದ ದಿಕ್ಕಿಗೇ ಇತ್ತು. ಕಾಲುವೆಯ ತಿರುವು ಹಾಗಿತ್ತು. "ಬೇಜಾರಾಗಿ ವಾಪಸ್ ಹೊರಟಿದ್ದಾನೆ ನೋಡು" ಅಂತ ನಕ್ಕೆವು. ಅವನು ಕೈ ಬೀಸಿದ. ನಾವೂ ಬೀಸಿದೆವು. ಅವನು ಎರಡೂ ಕೈ ಬೀಸಿದ. ಎಷ್ಟು ಖುಷಿಯಾಗಿದ್ದಾನೆ ಪಾಪ ಅಂದುಕೊಂಡು ಫೋಟೋ ತೆಗೆದೆ. ದೋಣಿ ನಿಂತಿದೆಯೋ ಹೋಗುತ್ತಿದೆಯೋ ಅಷ್ಟು ದೂರದಿಂದ ಗೊತ್ತಾಗುವುದಿಲ್ಲ. ಆ ವೇಗಕ್ಕೆ ಎರಡೂ ಒಂದೇ.

ನಿಂತಿತ್ತು. ತಿರುವಿನ ಒಳಮಗ್ಗುಲಲ್ಲಿ ಹೂಳು ಜಾಸ್ತಿ, ತಳ ಅದರ ಮೇಲೆ ಕೂತುಬಿಟ್ಟಿತ್ತು. ಒಬ್ಬ ರಿವರ್ಸ್ ಹಾಕಿ, ಇನ್ನೊಬ್ಬ ಮುಂದಿನ ತುದಿಯಲ್ಲಿ ನಿಂತು ಉದ್ದ ಗಳುವಿನಿಂದ ದಡಕ್ಕೆ ಒತ್ತಿದರೆ ಐದು ನಿಮಿಷದ ಕೆಲಸ. ಒಬ್ಬನೇ ಆದರೆ 60 ಅಡಿ ಓಡಾಡಬೇಕು. ಫೋನ್ ಮಾಡಬಹುದಿತ್ತಲ್ವಾ ಅಂತೀರಿ. ಅವನ ಫೋನಿನಲ್ಲಿ ಫೋಟೋ ಚೆನ್ನಾಗಿ ಬರುತ್ತದೆ ಅಂತ ಹೊರಡುವಾಗ ನಾನೇ ಇಸ್ಕೊಂಡಿದ್ದೆ. ಆ ಫೋಟೋ ತೆಗೆದದ್ದು ಅದರಲ್ಲೇ.

ನಾವು ಸೇತುವೆ ಕಟ್ಟೆ ಮೇಲೆ ಒಂದು ಗಂಟೆ ಕೂತು "ನಡೆದವರೇ ಗೆದ್ದದ್ದು" ಅಂತ ಬೀಗಿದೆವು. ದೋಣಿ ಬಂತು. ಅವನ ಅಂಗಿಯ ತೋಳು ಭುಜದವರೆಗೆ ಒದ್ದೆ. ಬೈಯಲಿಲ್ಲ. ದೋಣಿ ಕಟ್ಟಿ, ನನ್ನೆದುರು ಕೈ ಚಾಚಿ ನಿಂತ. ಫೋನ್ ಕೊಟ್ಟೆ. ದೋಣಿ ತಿರುಗಿಸುವ ಹಿಡಿ, ಟಿಲ್ಲರ್, ತೋರಿಸಿ, "ಇನ್ನು ನೀನು" ಅಂದ.

ಮರುದಿನ ಅವನೊಬ್ಬನೇ ನಡೆದ. ನಾವು ನಾಲ್ವರೂ ದೋಣಿಯಲ್ಲಿ. ದಂಡೆ ಮೇಲಿಂದ ನಮಗೆ ಒಮ್ಮೆ ಕೈ ಬೀಸಿದ. ನಾನು ತಕ್ಷಣ ಇಂಜಿನ್ ನಿಲ್ಲಿಸಿ, "ಏನಾಯ್ತೋ?" ಅಂತ ಕೂಗಿದೆ.

"ಏನಿಲ್ಲ, ಸುಮ್ನೆ" ಅಂದ.