ಆಂಡಾನ್ ಹಗ್ಗ ಎಳೆಯಲು ಕೈ ಬರುವ ತನಕ

ಮಷೀನ್ ನಿಲ್ಲಿಸಿದರೆ ಬೈಗುಳ ಗ್ಯಾರಂಟಿ ಅನ್ನುವ ಸಣ್ಣ ವರ್ಕ್‌ಶಾಪಿನಲ್ಲಿ ನಾಲ್ಕೈದು ವರ್ಷ ದುಡಿದವರು ಕಾರು ಕಾರ್ಖಾನೆಯ ಅಸೆಂಬ್ಲಿ ಲೈನಿಗೆ ಸೇರಿದರೆ, ಕೆಲಸವೇನೋ ಹದಿನೈದು ದಿನಕ್ಕೆ ಕೈಗೆ ಹತ್ತುತ್ತದೆ. ಬಾಯಿ ಬಿಡೋದಕ್ಕೆ ತಿಂಗಳುಗಟ್ಟಲೆ ಬೇಕು. ತಪ್ಪು ಕಂಡರೆ ಎಳೆದು ನೆರವು ಕರೆಯೋದಕ್ಕಂತಲೇ ತಲೆ ಮೇಲೆ ಆಂಡಾನ್ ಹಗ್ಗ ತೂಗುತ್ತಿದ್ದರೂ ಕೈ ಅತ್ತ ಹೋಗೋದೇ ಇಲ್ಲ.

ಈ ಹಗ್ಗದ ಮೂಲ ಮಗ್ಗದಲ್ಲಿದೆ. ನೂಲು ಕಡಿದರೆ ತಾನಾಗಿ ನಿಲ್ಲುವ ಮಗ್ಗ ಮಾಡಿದವರು ಜಪಾನಿನ ಸಾಕಿಚಿ ಟೊಯೋಡಾ. ಅದೇ ವಿಚಾರವನ್ನು ಅವರ ವಂಶದ ಟೊಯೋಟಾ ಕಂಪನಿ ಕಾರಿನ ಲೈನಿಗೆ ತಂದಿತು. ತಪ್ಪು ಕಂಡವನು ಸುಮ್ಮನಿದ್ದರೆ ಅದನ್ನು ಕೆಲಸ ಬಾಕಿ ಉಳಿಸಿದ ಹಾಗೆಯೇ ಲೆಕ್ಕ.

ಹಗ್ಗ ಎಳೆದ ಕೂಡಲೇ ಲೈನ್ ನಿಲ್ಲುತ್ತದೆ ಅನ್ನೋ ಭಯ ಮೊದಲು ಹೋಗಬೇಕು. ಸಾಮಾನ್ಯವಾಗಿ ಮೊದಲು ಬೋರ್ಡಿನಲ್ಲಿ ನಿಮ್ಮ ಸ್ಟೇಷನ್ನಿಗೆ, ಅಂದರೆ ನೀವು ನಿಂತು ಕೆಲಸ ಮಾಡುವ ಜಾಗಕ್ಕೆ, ಹಳದಿ ದೀಪ ಹತ್ತುತ್ತದೆ, ಸಂಗೀತ ಮೊಳಗುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾರೆ. ಗಾಡಿ ಆ ಸ್ಟೇಷನ್ನಿನ ಕೊನೆಯ ಗೆರೆ ಮುಟ್ಟುವಷ್ಟರಲ್ಲಿ ಸರಿಹೋದರೆ ಇನ್ನೊಮ್ಮೆ ಎಳೆದು ದೀಪ ಆರಿಸುತ್ತಾರೆ. ಆಗದಿದ್ದರೆ ಮಾತ್ರ ಆ ಗೆರೆಯಲ್ಲಿ ಲೈನ್ ನಿಲ್ಲುತ್ತದೆ.

ಒಂದು ಗಾಡಿಗೆ 60 ಸೆಕೆಂಡ್ ಅಂತಿಟ್ಟುಕೊಳ್ಳಿ. 20ನೇ ಸೆಕೆಂಡಿಗೆ ಎಳೆದರೆ ಲೀಡರ್ ಕೈಯಲ್ಲಿ 40 ಸೆಕೆಂಡ್ ಇರುತ್ತದೆ. ಹೊಸಬರು ತಾವೇ ರಿಪೇರಿಗೆ ಒದ್ದಾಡಿ 50ನೇ ಸೆಕೆಂಡಿಗೆ ಎಳೆಯುತ್ತಾರೆ, ಲೈನ್ ನಿಂತೇಬಿಡುತ್ತದೆ. ತಡ ಮಾಡಿದ್ದಕ್ಕೆ ನಿಂತಿತು ಅಂತ ತಿಳಿಯದೆ, ಎಳೆದಿದ್ದಕ್ಕೇ ನಿಂತಿತು ಅಂದುಕೊಂಡು ಮುಂದಿನ ಸಲ ಕೈ ಇನ್ನೂ ಹಿಂಜರಿಯುತ್ತದೆ.

ಲೀಡರ್ ಬಂದಾಗ "ನಟ್ ಸರಿ ಕೂರ್ತಿಲ್ಲ" ಅಂದರೆ ಅವರು ಮೊದಲಿಂದ ಹುಡುಕಬೇಕು. "ಎಡಗಡೆ ಹಿಂದಿನ ಚಕ್ರ, ಮೂರನೇ ನಟ್, ರೆಂಚ್ ಕ್ಲಿಕ್ ಆಗ್ಲಿಲ್ಲ, ಈ ಬಾಕ್ಸಿನಲ್ಲಿ ಇದು ಎರಡನೇದು" ಅನ್ನಿ. (ನಟ್ ಸರಿಯಾಗಿ ಬಿಗಿದಾಗ ಈ ರೆಂಚ್ ಕ್ಲಿಕ್ ಅನ್ನುತ್ತದೆ.) "ಎರಡನೇದು" ಅನ್ನೋ ಆ ಕೊನೆಯ ಮಾತಿಗೇ ಹೆಚ್ಚು ಬೆಲೆ, ಯಾಕೆಂದರೆ ಅದರಿಂದ ಇಡೀ ಬಾಕ್ಸನ್ನು ಬದಿಗಿಡಬಹುದು. ಸದ್ದಿಲ್ಲದೆ ಬೇರೆ ನಟ್ ಹಾಕಿದರೆ ಆ ಒಂದು ಗಾಡಿ ಬಚಾವ್, ಬಾಕ್ಸ್ ಮಾತ್ರ ಮುಂದಿನ ಶಿಫ್ಟಿಗೆ ಹೋಗುತ್ತದೆ.

ಬಾಯಿ ಬಿಡೋದಕ್ಕೆ ಇನ್ನೊಂದು ದಾರಿ ಸಲಹೆ ಹಾಳೆ, ಕೆಲಸ ಸುಧಾರಿಸಲು ತೋಚಿದ್ದನ್ನು ಬರೆದು ಕೊಡೋದು. ಟೊಯೋಟಾದಲ್ಲಿ ಇದು 1951ರಲ್ಲೇ ಶುರುವಾಯಿತು. "ರ‍್ಯಾಕ್ ದೂರ ಇದೆ, ಕಷ್ಟ" ಅಂತ ಬರೆದ ಹಾಳೆ ಅಲ್ಲೇ ಕೊಳೆಯುತ್ತದೆ. ಸ್ಟಾಪ್‌ವಾಚ್ ಹಿಡಿದು 10 ಗಾಡಿ ಅಳೆಯಿರಿ, ಹೆಜ್ಜೆ ಎಣಿಸಿ. ಹೋಗಿ ಬರೋದು ಆರು ಹೆಜ್ಜೆ, ಸುಮಾರು 4 ಸೆಕೆಂಡ್. ಶಿಫ್ಟಿಗೆ 400 ಗಾಡಿಯಾದರೆ 1,600 ಸೆಕೆಂಡ್, ಹತ್ತಿರ ಹತ್ತಿರ 27 ನಿಮಿಷ. ಈಗ ಹೇಗಿದೆ, ಹೇಗಾಗಬೇಕು ಅಂತ ಎರಡು ಚಿತ್ರ ಗೀಚಿದರೆ ಸಾಕು, ಇಂಗ್ಲಿಷ್ ಚೆನ್ನಾಗಿ ಬರಲೇಬೇಕೆಂದಿಲ್ಲ.

ಮೊದಲ ಹಾಳೆ ವಾಪಸ್ ಬರೋದು ಮಾಮೂಲಿ. ಬೇಜಾರು ಮಾಡಿಕೊಂಡು ಸುಮ್ಮನಾಗಬೇಡಿ, ಕಾರಣ ಕೇಳಿ. ರ‍್ಯಾಕ್ ಮುಂದೆ ಬಂದರೆ ಸಾಮಾನು ತರುವ ಟ್ರಾಲಿಗೆ ದಾರಿ ಇಲ್ಲ ಅಂತಲೋ ಏನೋ ಇರುತ್ತದೆ. ಹಾಗಿದ್ದರೆ ರ‍್ಯಾಕ್ ಅಲ್ಲೇ ಇರಲಿ, ನಟ್ಟಿನ ಟ್ರೇ ಮಾತ್ರ ಹತ್ತಿರ ಬರಲಿ. ವೆಲ್ಡಿಂಗಿಗೆ ಕೊಡುವ ಮುಂಚೆ ರಟ್ಟು, ಟೇಪಿನಲ್ಲಿ ಟ್ರೇ ಮಾಡಿ ಒಂದು ಶಿಫ್ಟ್ ಓಡಿಸಿ ನೋಡಿ. ಎದುರು ಶಿಫ್ಟಿನಲ್ಲಿ ಅದೇ ಸ್ಟೇಷನ್ನಿಗೆ ನಿಲ್ಲುವವರು ನಿಮಗಿಂತ ಕುಳ್ಳಗಿದ್ದರೆ ಅವರ ಕೈಗೂ ಎಟುಕುತ್ತದೆಯೇ ಅಂತ ಕೇಳಿ.