ಫೋಟೋನೂ ಬರಬೇಕು, ಜಾಗಾನೂ ನೋಡಬೇಕು: ಹಂಪಿಗೆ ಹೊರಟವರಿಗೆ ನನ್ನ ಉತ್ತರ

ಹಂಪಿಗೆ ಹೊರಟವರು ನನ್ನನ್ನು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: "ಫೋಟೋನೂ ಚೆನ್ನಾಗಿ ಬರಬೇಕು, ಜಾಗಾನೂ ಕಣ್ತುಂಬ ನೋಡಬೇಕು. ಎರಡೂ ಆಗುತ್ತಾ?"

ಖಂಡಿತ ಆಗುತ್ತದೆ. ಫೋಟೋ ತೆಗೆಯುವ ಕೆಲಸಕ್ಕೆ ಹಿಡಿಯುವ ಹೊತ್ತು ತೀರಾ ಕಡಿಮೆ. ಒಳ್ಳೆಯ ಬಿಸಿಲಿದ್ದರೆ ಶಟರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲು, ತೆರೆದಿರುವುದು ಸೆಕೆಂಡಿನ ಐನೂರನೇ ಒಂದು ಭಾಗ. ಹೊತ್ತೆಲ್ಲ ಹೋಗುವುದು ಕ್ಲಿಕ್ ಆದ ಮೇಲೆ. ಹೇಗೆ ಬಂದಿದೆ ಅಂತ ನೋಡುವುದು, ಬೆರಳಿಂದ ಹಿಗ್ಗಿಸುವುದು, ಇನ್ನೊಂದು ತೆಗೆಯುವುದು, ಎರಡರಲ್ಲಿ ಒಂದನ್ನು ಅಳಿಸುವುದು, ಸ್ಟೇಟಸ್‌ಗೆ ಹಾಕುವುದು, ಯಾರ‍್ಯಾರು ನೋಡಿದರು ಅಂತ ಮತ್ತೆ ತೆರೆಯುವುದು. ಕಣ್ಣು ಜಾಗದಿಂದ ಸ್ಕ್ರೀನಿಗೆ ಜಾರುವುದು ಇಲ್ಲೇ. ಈ ಕೆಲಸಗಳನ್ನೆಲ್ಲ ಅಲ್ಲಿಂದ ಎತ್ತಿ ರಾತ್ರಿಗೆ ಹಾಕಿಕೊಂಡರೆ ಪ್ರಶ್ನೆಯ ಮುಕ್ಕಾಲು ಪಾಲು ಅಲ್ಲೇ ಬಗೆಹರಿಯಿತು.

ಅದಕ್ಕೆ ಹೊರಡುವ ಮುಂಚೆಯೇ ಕ್ಯಾಮೆರಾದ ಮೆನುವಿನಲ್ಲಿ 'ಇಮೇಜ್ ರಿವ್ಯೂ' ಆಫ್ ಮಾಡಿ. ತೆಗೆದ ಚಿತ್ರ ತಾನಾಗಿ ಪರದೆ ಮೇಲೆ ಬರದಿದ್ದರೆ ನೋಡುವ ಚಪಲವೂ ಅರ್ಧ ಇಳಿಯುತ್ತದೆ. ಮೊಬೈಲ್ ಆದರೆ ಏರೋಪ್ಲೇನ್ ಮೋಡ್‌ಗೆ ಹಾಕಿ. ಕ್ಯಾಮೆರಾ ಎಂದಿನಂತೆ ಕೆಲಸ ಮಾಡುತ್ತದೆ, ಆಫೀಸಿನ ಗ್ರೂಪ್ ಮಾತ್ರ ಬಾಯಿ ಮುಚ್ಚಿಕೊಂಡಿರುತ್ತದೆ. ಹಿಂದಿನ ರಾತ್ರಿಯೇ ಮೆಮೊರಿ ಖಾಲಿ ಮಾಡಿಕೊಳ್ಳಿ. 4ಕೆ ವಿಡಿಯೊ ನಿಮಿಷಕ್ಕೆ 170ರಿಂದ 400 ಎಂಬಿವರೆಗೆ ತಿನ್ನುತ್ತದೆ. ಬೆಟ್ಟದ ತುದಿಯಲ್ಲಿ ನಿಂತು ಹಳೆ ವಿಡಿಯೊ ಅಳಿಸುತ್ತಿರುವಾಗಲೇ ಸೂರ್ಯ ಮೇಲೆ ಬಂದಿರುತ್ತಾನೆ.

ಹಂಪಿಯ ಮಾತಂಗ ಬೆಟ್ಟದ ಬೆಳಗನ್ನೇ ಉದಾಹರಣೆಗೆ ತಗೊಳ್ಳೋಣ. ಜನವರಿಯಲ್ಲಿ ಅಲ್ಲಿ ಸೂರ್ಯೋದಯ ಸುಮಾರು 6.50ಕ್ಕೆ. ಆದರೆ ಆಕಾಶದ ಬಣ್ಣ ಶುರುವಾಗುವುದು ಅದಕ್ಕೂ 20–25 ನಿಮಿಷ ಮೊದಲೇ. ಹತ್ತಲು ಅರ್ಧ ಗಂಟೆ ಬೇಕು. ಹಾಗಾಗಿ 5.45ರ ಹೊತ್ತಿಗೆ ಬುಡದಲ್ಲಿರಿ, ಟಾರ್ಚ್ ಇರಲಿ, ಕತ್ತಲಲ್ಲಿ ಒಬ್ಬರೇ ಹತ್ತಬೇಡಿ. ಮೇಲೆ ವೀರಭದ್ರನ ಗುಡಿಯ ಹತ್ತಿರ ತಲುಪಿದ ಮೇಲೆ ಮೊದಲ ಹತ್ತು ನಿಮಿಷ ಕ್ಯಾಮೆರಾ ಹೊರಗೆ ತೆಗೆಯಬೇಡಿ. ಇದು ಫೋಟೋಗೂ ಒಳ್ಳೆಯದು. ಎಲ್ಲಿ ನಿಂತರೆ ಏನು ಕಾಣುತ್ತದೆ, ಬೆಳಕು ಯಾವ ಬಂಡೆಗೆ ಮೊದಲು ಬೀಳುತ್ತದೆ ಅನ್ನುವುದು ಗೊತ್ತಾಗುವುದೇ ಆ ಹತ್ತು ನಿಮಿಷದಲ್ಲಿ.

ಆಮೇಲೆ ಹದಿನೈದು ನಿಮಿಷ ಮನಸಾರೆ ತೆಗೆಯಿರಿ. ಮೊಬೈಲಿನವರು ಮೊದಲು ಲೆನ್ಸನ್ನು ಹತ್ತಿ ಬಟ್ಟೆಯಿಂದ ಒರೆಸಿ. ಬೆಳಗಿನ ಫೋಟೋ ಮಂಜುಮಂಜಾಗಿ ಬರುವುದಕ್ಕೆ ಒಂದು ಸಾಮಾನ್ಯ ಕಾರಣ ಲೆನ್ಸಿನ ಮೇಲಿನ ಬೆರಳ ಜಿಡ್ಡು. ಪರದೆಯಲ್ಲಿ ಆಕಾಶದ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ಸೂ ಬೆಳಕೂ ಲಾಕ್ ಆಗುತ್ತವೆ. ಬೆರಳನ್ನು ತುಸು ಕೆಳಗೆಳೆದು ಬೆಳಕು ತಗ್ಗಿಸಿ. ಹೀಗೆ ಮಾಡದಿದ್ದರೆ ಮೊಬೈಲು ಕಪ್ಪು ಬಂಡೆಗಳನ್ನು ಬೆಳಗಿಸಲು ಹೋಗಿ ಕೆಂಪು ಆಕಾಶವನ್ನು ಬಿಳಿ ಮಾಡಿಬಿಡುತ್ತದೆ. ಕ್ಯಾಮೆರಾದವರಿಗೆ ಎಪರ್ಚರ್ ಪ್ರಯಾರಿಟಿ (ಲೆನ್ಸಿನ ಕಿಂಡಿ ಎಷ್ಟು ತೆರೆಯಬೇಕೆಂದು ನಾವೇ ಹೇಳುವ ಮೋಡ್), ಎಫ್/8, ಆಟೋ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ), ಕನಿಷ್ಠ ಶಟರ್ 1/125, ಎಕ್ಸ್‌ಪೋಷರ್ ಮೈನಸ್ 0.7 ಸಾಕು. ಐಎಸ್‌ಒ 100ಕ್ಕೇ ಕಟ್ಟಿಹಾಕಿದರೆ ಆ ಮಬ್ಬಿನಲ್ಲಿ ಶಟರ್ 1/15ಕ್ಕೆ ಇಳಿದು ಕೈ ನಡುಕವೆಲ್ಲ ಚಿತ್ರದಲ್ಲಿ ಕೂರುತ್ತದೆ. ಮೇಲಿನ ಸೆಟ್ಟಿಂಗ್‌ಗಳನ್ನು ಒಮ್ಮೆ ಇಟ್ಟ ಮೇಲೆ ಗುಂಡಿಗಳ ಗೊಡವೆ ಬೇಡ. ಇನ್ನೊಂದು ಎಚ್ಚರ: ಡಿಎಸ್‌ಎಲ್‌ಆರ್‌ಗೆ ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಹಾಕಿ ವ್ಯೂಫೈಂಡರ್ ಮೂಲಕ ನೇರ ಸೂರ್ಯನನ್ನು ನೋಡಬೇಡಿ, ಕಣ್ಣಿಗೆ ಅಪಾಯ.

ಸೂರ್ಯ ಮೂಡಿದ ಕೂಡಲೇ ಬಹುತೇಕರು ಇಳಿಯಲು ಶುರು ಮಾಡುತ್ತಾರೆ. ದಯವಿಟ್ಟು ನಿಲ್ಲಿ. ಕ್ಯಾಮೆರಾ ಬ್ಯಾಗಿನೊಳಗೆ ಹೋಗಬೇಕಾದದ್ದು ಈಗ. ಕೊರಳಲ್ಲಿ ನೇತಾಡುತ್ತಿದ್ದರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ, ಜಿಪ್ ಹಾಕಿದ್ದರೆ ಹೋಗುವುದಿಲ್ಲ. ಮುಂದಿನ ಇಪ್ಪತ್ತು ನಿಮಿಷದಲ್ಲಿ ಓರೆ ಬಿಸಿಲು ಕೆಳಗಿನ ಅಚ್ಯುತರಾಯ ದೇವಸ್ಥಾನದ ಪ್ರಾಕಾರಗಳ ಮೇಲೆ ಬಿದ್ದು, ಒಂದೊಂದು ಗೋಡೆಗೂ ಉದ್ದನೆಯ ನೆರಳು ಮೂಡುತ್ತದೆ. ಹಿಂದಕ್ಕೆ ತಿರುಗಿದರೆ ಪಶ್ಚಿಮದಲ್ಲಿ ವಿರೂಪಾಕ್ಷನ ಗೋಪುರಕ್ಕೆ ಬೆಳಕು ಹತ್ತಿರುತ್ತದೆ. ಹಂಪಿಯ ಬೆಳಗು ಅಂದರೆ ನನ್ನ ಮಟ್ಟಿಗೆ ಈ ಇಪ್ಪತ್ತು ನಿಮಿಷ.

ಫೋಟೋ ತೆಗೆದರೆ ನೆನಪು ಹೋಗುತ್ತದೆ ಅನ್ನುವ ಮಾತು ಎಷ್ಟು ನಿಜ? ಅರ್ಧ ನಿಜ. ಅಮೆರಿಕದ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ಲಿಂಡಾ ಹೆಂಕಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮ್ಯೂಸಿಯಂ ಸುತ್ತಿದವರಿಗೆ ತಾವು ಫೋಟೋ ತೆಗೆದ ವಸ್ತುಗಳಿಗಿಂತ ಬರೀ ನೋಡಿದ ವಸ್ತುಗಳೇ ಹೆಚ್ಚು ನೆನಪಿದ್ದವು. ಆದರೆ ವಸ್ತುವಿನ ಒಂದು ಭಾಗವನ್ನಷ್ಟೇ ಝೂಮ್ ಮಾಡಿ ತೆಗೆದಾಗ ಆ ನಷ್ಟ ಕಾಣಲಿಲ್ಲ. 2017ರಲ್ಲಿ ಅಲಿಕ್ಸಾಂಡ್ರಾ ಬರಾಶ್ ಎಂಬ ಸಂಶೋಧಕಿ ಮತ್ತು ಸಂಗಡಿಗರು ತೋರಿಸಿದ್ದು ಇನ್ನೊಂದು ಮುಖ: ತಮ್ಮಿಷ್ಟದಂತೆ ಫೋಟೋ ತೆಗೆದವರಿಗೆ ಕಂಡದ್ದು ಹೆಚ್ಚು ನೆನಪಿತ್ತು, ಕೇಳಿದ್ದು ಕಡಿಮೆ. ಅದೇ ಬಳಗದ ಮರುವರ್ಷದ ಅಧ್ಯಯನದ ಪ್ರಕಾರ, ಜಾಲತಾಣಕ್ಕೆ ಹಾಕಲೆಂದು ತೆಗೆದವರು ತಮಗಾಗಿ ತೆಗೆದವರಷ್ಟು ಖುಷಿಪಡಲಿಲ್ಲ. ತಾವು ಹೇಗೆ ಕಾಣುತ್ತೇವೋ ಅನ್ನುವ ಚಿಂತೆಯೇ ಅದಕ್ಕೆ ಕಾರಣ.

ಇದನ್ನು ವಿಠ್ಠಲ ದೇವಸ್ಥಾನಕ್ಕೆ ಅನ್ವಯಿಸಿ ನೋಡಿ. ಕಲ್ಲಿನ ರಥದ ಮುಂದೆ ಸೆಲ್ಫಿಗೆ ಸದಾ ಸಾಲು. ಆ ಕೋನದ ಚಿತ್ರ 50 ರೂಪಾಯಿ ನೋಟಿನ ಹಿಂದೆಯೇ ಇದೆ. ಒಂದು ತೆಗೆದುಕೊಂಡು ಪಕ್ಕಕ್ಕೆ ಬನ್ನಿ. ರಥ ಎಳೆಯುವಂತೆ ನಿಂತ ಆನೆಗಳ ಹಿಂದೆ ಬಗ್ಗಿ ನೋಡಿದರೆ ಮೊದಲು ಅಲ್ಲಿದ್ದ ಕುದುರೆಗಳ ಹಿಂಗಾಲು, ಬಾಲದ ಗುರುತು ಇನ್ನೂ ಇದೆ. ಅದನ್ನು ಝೂಮ್ ಮಾಡಿ ತೆಗೆಯಿರಿ. ಹಾಗೆ ತೆಗೆಯಬೇಕಾದರೆ ಹುಡುಕಲೇಬೇಕು, ಹುಡುಕಿದ್ದು ಮರೆಯುವುದಿಲ್ಲ. ನನ್ನ ಲೆಕ್ಕ ಇಷ್ಟೇ: ಒಂದು ಜಾಗಕ್ಕೆ ದೂರದ್ದೊಂದು, ನಡುವಿನದೊಂದು, ಹತ್ತಿರದ್ದು ಎರಡು ಮೂರು. ಟ್ರೈಪಾಡ್‌ಗೂ ಡ್ರೋನ್‌ಗೂ ಅನುಮತಿ ಬೇಕು, ಇಲ್ಲದೆ ಒಯ್ದರೆ ಅರ್ಧ ದಿನ ಕಾವಲುಗಾರರ ಜತೆ ವಾದದಲ್ಲೇ ಕಳೆಯುತ್ತದೆ.

ಆ ದೂರದ ಒಂದು ಚಿತ್ರವನ್ನೂ ಬಿಡಬೇಡಿ ಅನ್ನುವುದಕ್ಕೆ ಕಾರಣವಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಫೋಟೋ ತೆಗೆದರು. ಅವರ ಚಿತ್ರದಲ್ಲಿ ಇದೇ ರಥದ ಮೇಲೆ ಇಟ್ಟಿಗೆಯ ಶಿಖರವೊಂದಿದೆ. ಈಗ ಅದಿಲ್ಲ. ಅಂಥದ್ದೊಂದು ಇತ್ತು ಎಂದು ಇಂದು ಕಣ್ಣಾರೆ ಕಾಣುವುದು ಆ ಫೋಟೋದಿಂದ. "ಫೋಟೋ ಬಿಡಿ, ಸುಮ್ಮನೆ ನೋಡಿ" ಎಂದು ಉಪದೇಶ ಮಾಡುವವರ ಮಾತನ್ನು ನಾನು ಪೂರ್ತಿ ಒಪ್ಪದಿರುವುದು ಇದಕ್ಕೇ.

ಮೊಬೈಲು ಜೇಬಿನಲ್ಲೇ ಇರಬೇಕಾದ ಕಡೆಗಳೂ ಇವೆ. ವಿರೂಪಾಕ್ಷ ದೇವಸ್ಥಾನದ ಹಿಂಭಾಗದ ಕತ್ತಲೆ ಕೋಣೆಯಲ್ಲಿ, ಸುಮಾರು 50 ಮೀಟರ್ ಎತ್ತರದ ರಾಜಗೋಪುರದ ಬಿಂಬ ಸಣ್ಣ ಕಿಂಡಿಯಿಂದ ಹಾದು ಗೋಡೆ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಮೇಲಿನಿಂದ ಬಂದ ಕಿರಣ ಕಿಂಡಿ ದಾಟಿ ಕೆಳಕ್ಕೂ, ಕೆಳಗಿನದು ಮೇಲಕ್ಕೂ ಹೋಗುವುದೇ ಇದರ ಗುಟ್ಟು. ಕ್ಯಾಮೆರಾ ಕೆಲಸ ಮಾಡುವುದೂ ಇದೇ ತತ್ವದಿಂದ. ಬಿಸಿಲಿನಿಂದ ಬಂದವರು ಬಾಗಿಲಲ್ಲೇ ಮೊಬೈಲ್ ಎತ್ತುತ್ತಾರೆ, ಫ್ಲ್ಯಾಶ್ ಹೊತ್ತಿಕೊಳ್ಳುತ್ತದೆ, ಗೋಡೆ ಬೆಳಗುತ್ತದೆ, ಬಿಂಬ ಮಾಯ. ಅದು ಬರೀ ಬೆಳಕಿನಿಂದಾದದ್ದು, ಅದಕ್ಕಿಂತ ಜೋರು ಬೆಳಕು ಬಿದ್ದರೆ ಉಳಿಯುವುದಿಲ್ಲ. ಐದು ನಿಮಿಷ ಸುಮ್ಮನೆ ನಿಲ್ಲಿ. ಕಣ್ಣು ಕತ್ತಲಿಗೆ ಒಗ್ಗಿದಂತೆಲ್ಲ ಗೋಪುರದ ಅಂತಸ್ತುಗಳು ಬಿಡಿಬಿಡಿಯಾಗಿ ಕಾಣತೊಡಗುತ್ತವೆ. ಆಮೇಲೂ ತೆಗೆಯಬೇಕು ಅನಿಸಿದರೆ ಅಲ್ಲಿದ್ದವರನ್ನು ಕೇಳಿ, ಫ್ಲ್ಯಾಶ್ ಆಫ್ ಮಾಡಿ, ಪರದೆಯ ಬೆಳಕು ತಗ್ಗಿಸಿ, ಮೊಣಕೈ ಮೈಗೆ ಒತ್ತಿ ನೈಟ್ ಮೋಡ್‌ನಲ್ಲಿ ಒಂದೇ ಒಂದು.

ಪೂಜೆಯ ವಾದ್ಯ, ಯಕ್ಷಗಾನ, ಹರಿಗೋಲಿನ ಕೆಳಗಿನ ತುಂಗಭದ್ರೆಯ ಸದ್ದು, ಹೀಗೆ ಕಿವಿಗೆ ಕೆಲಸವಿರುವ ಕಡೆಯೂ ಕ್ಯಾಮೆರಾ ಒಳಗಿರಲಿ. ಬೇಕಿದ್ದರೆ ವಾಯ್ಸ್ ರೆಕಾರ್ಡರ್ ಆನ್ ಮಾಡಿ ಜೇಬಿಗೆ ಹಾಕಿಕೊಳ್ಳಿ. ಅದಕ್ಕೆ ಕಣ್ಣಿನ ಕಾವಲು ಬೇಡ.

ಮನೆಮಂದಿಯೆಲ್ಲ ಹೋಗುವುದಾದರೆ ಜಾಗಕ್ಕೊಬ್ಬರು ಫೋಟೋದವರು ಅಂತ ಮೊದಲೇ ಹಂಚಿಕೊಳ್ಳಿ. ವಿರೂಪಾಕ್ಷಕ್ಕೆ ಅಕ್ಕ, ವಿಠ್ಠಲಕ್ಕೆ ಮಾವ. ಉಳಿದವರ ಕೈ ಖಾಲಿ, ಮತ್ತು ತೆಗೆಯುವವರೇ ಯಾವ ಫೋಟೋದಲ್ಲೂ ಇಲ್ಲ ಅನ್ನುವ ಕೊರಗೂ ಇರುವುದಿಲ್ಲ.

ರಾತ್ರಿ ರೂಮಿನಲ್ಲಿ ಇಪ್ಪತ್ತು ನಿಮಿಷ ಕೂತು ಚೆನ್ನಾಗಿರುವುದಕ್ಕೆ ಫೇವರಿಟ್ ಗುರುತು ಹಾಕಿ. ಅಳಿಸುವ ಕೆಲಸ ಊರಿಗೆ ಬಂದ ಮೇಲೆ, ಏಕೆಂದರೆ ದಣಿದ ಕಣ್ಣಿಗೆ ಬೇಡವೆನಿಸಿದ್ದು ವಾರ ಕಳೆದ ಮೇಲೆ ಬೇಕೆನಿಸುವುದುಂಟು. ಒಬ್ಬರಿಗೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ 'ಡಾಕ್ಯುಮೆಂಟ್' ಆಗಿ ಕಳಿಸಿ. ಫೋಟೋ ಆಗಿಯೇ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಮುಂದೆ ದೊಡ್ಡದಾಗಿ ಪ್ರಿಂಟ್ ಹಾಕಿಸಲು ಹೋದಾಗ ಮುಖಗಳೆಲ್ಲ ಮಸುಕಾಗಿರುತ್ತವೆ.